ಗದ್ದಲದ ಮನೆಯ ಕರಾರು

ನಮ್ಮ ತವರುಮನೆಯ ಪಡಸಾಲೆಯಲ್ಲಿ ಅಪ್ಪನ ಹಳೆಯ ಛತ್ರಿ ತೂಗುವ ಗೂಟಕ್ಕೆ ಈಗೊಂದು ಕಿವಿಮುಚ್ಚಳವೂ ತೂಗುತ್ತಿದೆ. ಚಳಿಗೆ ಕಟ್ಟಿಕೊಳ್ಳುವ ಉಣ್ಣೆಯದಲ್ಲ. ನೆತ್ತಿಯ ಮೇಲೊಂದು ಕಮಾನು, ಎರಡೂ ಕಿವಿಯ ಮೇಲೆ ಬಟ್ಟಲು ಕವುಚಿದಂಥ ಹಳದಿ ಪ್ಲಾಸ್ಟಿಕ್ಕು, ಒಳಗೆ ಮೆತ್ತನೆಯ ಸ್ಪಂಜು. ನನ್ನ ತಮ್ಮ ಮಲ್ಲು ದೊಡ್ಡ ಊರೊಂದರ ವಿಮಾನ ನಿಲ್ದಾಣದಲ್ಲಿ ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬುವ, ಇಳಿಸುವ ಕೆಲಸ ಮಾಡುತ್ತಾನೆ. ಇದನ್ನು ತಲೆಗೇರಿಸದೆ ಅಲ್ಲಿಯ ಬಯಲಿಗೆ ಕಾಲಿಡುವಂತಿಲ್ಲವಂತೆ. ಹಳೆಯದಾಯಿತೆಂದು ಬದಲಿಸಿದ್ದನ್ನು ಊರಿಗೆ ತಂದು ಗೂಟಕ್ಕೆ ಹಾಕಿದ. ಅವ್ವ ಕೆಲವು ದಿನ ಅದನ್ನು ಅನುಮಾನದಿಂದ ನೋಡಿದಳು. ಆಮೇಲೆ ಉಪಯೋಗ ಕಂಡುಕೊಂಡಳು. ಮಧ್ಯಾಹ್ನ ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಎಲೆಅಡಿಕೆಯ ಚೀಲ ಹಿಡಿದು ಮಾತಿಗೆ ಬಂದಳೆಂದರೆ ಅವ್ವ ಅದನ್ನು ಹಾಕಿಕೊಂಡು ಅಕ್ಕಿ ಆರಿಸಲು ಕೂಡುತ್ತಾಳೆ. ದೊಡ್ಡವ್ವನ ತಿಳುವಳಿಕೆಯಲ್ಲಿ ಅದು ಹಾಡು ಕೇಳುವ ಯಂತ್ರ. "ಯಾವ ಹಾಡು ಹಚ್ಚೀದಿ ಇವತ್ತ?" ಎಂದು ಕೇಳುತ್ತಾಳೆ. ಅವ್ವ ತಲೆದೂಗುತ್ತಾಳೆ. ಇಬ್ಬರಿಗೂ ಸಂತೋಷ.

ನೀವು ನಗಬಹುದು. ಆದರೆ ನಮ್ಮ ಮನೆಯಲ್ಲಿ ಒಂದು ತಾಸು ಕೂತು ಎದ್ದವರು ಯಾರೂ ಅವ್ವನ ತಪ್ಪು ಎನ್ನಲಾರರು. ನಮ್ಮದು ಗದ್ದಲದ ಮನೆ. ಶಹಾಪುರದಲ್ಲಿ ನಮ್ಮ ಹಿತ್ತಲ ಗೋಡೆಗೂ ಹತ್ತಿಯ ಜಿನ್ನಿಂಗ್ ಮಿಲ್ಲಿನ ಗೋಡೆಗೂ ನಡುವೆ ಒಂದು ಆಡು ಅಡ್ಡ ನಿಲ್ಲುವಷ್ಟು ಜಾಗವಿತ್ತು. ಹತ್ತಿಯ ಸುಗ್ಗಿ ಶುರುವಾಗಿ ಮಿಲ್ಲಿನ ಯಂತ್ರದ ಪಟ್ಟಾ ತಿರುಗಲು ಹತ್ತಿತೆಂದರೆ ನಮ್ಮ ನೆಲ ನಡುಗುತ್ತಿತ್ತು. ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟ ಬಟ್ಟಲುಗಳು ತಾವೇ ನಡೆದು ಅಂಚಿಗೆ ಬರುತ್ತಿದ್ದವು. ಅಂಗಳದ ಬೇವಿನ ಗಿಡ, ಒಣಹಾಕಿದ ಹಪ್ಪಳ, ಅಪ್ಪನ ಮೀಸೆ, ಎಲ್ಲದರ ಮೇಲೂ ಹತ್ತಿಯ ಎಳೆ. ಹಪ್ಪಳ ಸುಡಲು ಹಿಡಿದರೆ ಮೊದಲು ಹತ್ತಿ ಉರಿದು, ಆಮೇಲೆ ಹಪ್ಪಳ ಸುಡುತ್ತಿತ್ತು. ಇಂಥ ಮನೆಯಲ್ಲಿ ಮಾತು ಕಲಿತವರು ನಾವು. ಊಟಕ್ಕೆ ಕೂತು ಉಪ್ಪು ಕೇಳುವುದಾದರೂ ಜಗಳಕ್ಕೆ ಕರೆದಂತೆ ಕೇಳಬೇಕಿತ್ತು. ಸುಗ್ಗಿ ಮುಗಿದು ಮಿಲ್ಲು ನಿಂತ ತಿಂಗಳುಗಳಲ್ಲಾದರೂ ದನಿ ಇಳಿಸಬಹುದಿತ್ತು. ಅಷ್ಟರಲ್ಲಿ ರೂಢಿಯಾಗಿ ಹೋಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ನಮ್ಮಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಗುಟ್ಟು ಎಂಬುದು ನಮ್ಮ ಮನೆಯಲ್ಲಿ ಬಾಳಿ ಬದುಕಲೇ ಇಲ್ಲ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚಾ ಒಂದ ಸಾಕು. ಉಪ್ಪಿಟ್ಟು ಮಾಡಿದ್ರ ಇಲ್ಲೇ ಉಳೀತಾರ" ಎಂದು ಅವ್ವನಿಗೆ ಪಿಸುಗುಟ್ಟಿದರೆ, ಪಡಸಾಲೆಯಲ್ಲಿ ಕೂತ ಬೀಗರು, "ಹೌದ್ರಿ, ನಮಗೂ ಬಸ್ಸಿಗಿ ಹೊತ್ತಾಗ್ಯಾದ" ಎಂದು ಉತ್ತರ ಕೊಡುತ್ತಿದ್ದರು. ಶಾಲೆಯ ಪರೀಕ್ಷೆಯಲ್ಲಿ ನಾನು ಪಕ್ಕದ ಗೆಳತಿಗೆ ಮಾತ್ರ ಕೇಳಲೆಂದು ಹೇಳಿದ ಉತ್ತರ ಆಚೆಯ ಕೋಣೆಯವರಿಗೂ ಮುಟ್ಟಿತು. ಅದು ತಪ್ಪು ಉತ್ತರವಾಗಿದ್ದರಿಂದ ಎರಡು ಕೋಣೆಯವರ ಶಾಪ ನನ್ನ ಮೇಲೆ ಬಿತ್ತು.

ಮದುವೆಯಾಗಿ ಹೋದದ್ದು ಯಾದಗಿರಿಯ ಹತ್ತಿರದ ಮುದನಾಳಕ್ಕೆ. ಅಲ್ಲಿ ಮಧ್ಯಾಹ್ನವಾಯಿತೆಂದರೆ ಹೊಲದ ಬೆಳವಕ್ಕಿಗಳ ಗುಟುರು ಬಿಟ್ಟರೆ ಬೇರೆ ಸಪ್ಪಳವಿಲ್ಲ. ಮೊದಲ ದಿನ ಅತ್ತೆಯ ಹಿಂದೆ ನಿಂತು, ಹೊಸ ಸೊಸೆಗೆ ಒಪ್ಪುವ ಮೆಲುದನಿ ಎಂದು ನಾನು ನಂಬಿದ್ದ ದನಿಯಲ್ಲಿ, "ಚಾ ಮಾಡ್ಲೇನ್ರಿ ಅತ್ತಿ?" ಎಂದೆ. ಅತ್ತೆ ಕೈಯಲ್ಲಿದ್ದ ಮೊರ ಕೆಳಗೆ ಹಾಕಿ ಎದೆ ಹಿಡಿದುಕೊಂಡರು. ಹಿತ್ತಲಿನಿಂದ ಮಾವ ಕಟ್ಟಿಗೆ ಹಿಡಿದೇ ಓಡಿ ಬಂದರು.

"ಏನಾತು? ಹಾವೇನು?"

"ಇಲ್ರಿ, ಚಾ" ಎಂದರು ಅತ್ತೆ.

ಇನ್ನು ನಮ್ಮ ಕಾಕಾನ ಕಥೆ. ಅಪ್ಪನ ತಮ್ಮ. ಅದೇ ಮಿಲ್ಲಿನಲ್ಲಿ, ಪಟ್ಟಾದ ಬುಡದಲ್ಲೇ ನಿಂತು ಆಯುಷ್ಯದ ಬಹುಭಾಗ ದುಡಿದವನು. ಅವನ ಕಿವಿ ಯಾವಾಗ ಮಂದವಾಯಿತೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಎಲ್ಲರೂ ಎಲ್ಲರೊಂದಿಗೂ ಕಿವುಡರ ಜೊತೆ ಮಾತಾಡಿದಂತೆಯೇ ಮಾತಾಡುವ ಮನೆ. ಮೆಲುದನಿಯ ಜನರ ಮನೆಗೆ ಅಳಿಯನಾಗಿ ಹೋದಾಗ ಅವರು ಏನು ಹೇಳಿದರೂ ಅವನು ನಗುತ್ತ "ಆಗ್ಲಿ" ಎಂದ. ಬಹಳ ಸಮಾಧಾನದ ಅಳಿಯ ಎಂದು ಹೆಸರಾಯಿತು. ಆ ಹೆಸರು ಇವತ್ತಿಗೂ ಇದೆ. ಮಿಲ್ಲು ಮಾತ್ರ ಈಗಿಲ್ಲ. ಊರ ಹೊರಗೆ ಹೊಸವು ಎದ್ದಿವೆ, ನಮ್ಮ ಹಿತ್ತಲಾಚೆ ಜಾಲಿ ಬೆಳೆದಿದೆ. ನಾವು ಕೂಗುವುದನ್ನು ಬಿಟ್ಟಿಲ್ಲ.

ಇಂಥ ಮನೆಯ ಮಗ ಮಲ್ಲುವಿಗೆ ವಿಮಾನಗಳ ನಡುವೆ ಕೆಲಸ ಸಿಕ್ಕದ್ದು ದೇವರೇ ನೋಡಿ ಕೊಟ್ಟಂತಾಯಿತು. ಮನೆ ಮಾಡಿದ್ದೂ ವಿಮಾನ ಇಳಿಯುವ ದಾರಿಯ ಕೆಳಗೇ. ಅವನ ಹೆಂಡತಿ ಸಾವಿತ್ರಿಯ ಬಾಣಂತನಕ್ಕೆಂದು ನಾನು ಅಲ್ಲಿಗೆ ಹೋಗಿದ್ದೆ. ಕೂಸು ಆಗಲೇ ಹುಟ್ಟಿತ್ತು, ಗಂಡು. ಮಾಳಿಗೆಯ ಮೇಲೆ ಕೂಸಿನ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಹಾದ ವಿಮಾನದ ಗಾಲಿಗಳು ನನಗೆ ಸ್ಪಷ್ಟವಾಗಿ ಕಂಡವು. ಬಗ್ಗಿ ಕೂತುಬಿಟ್ಟೆ. ಆ ಓಣಿಯ ಜನಕ್ಕೆ ಒಂದು ಅಭ್ಯಾಸ. ಮಾತಿನ ನಡುವೆ ವಿಮಾನ ಬಂದರೆ ಬಾಯಿ ನಿಲ್ಲಿಸುತ್ತಾರೆ, ಹೋದ ಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಾರೆ. ಸಾವಿತ್ರಿ, "ಅಕ್ಕಾರ, ಸಾರಿಗಿ ಉಪ್ಪು" ಎಂದು ನಿಲ್ಲುವಳು. ವಿಮಾನ ಹಾದುಹೋಗುವುದು. "ಹಾಕೀನ್ರಿ" ಎಂದು ಮುಗಿಸುವಳು. ಅಷ್ಟರಲ್ಲಿ ನಾನು ಇನ್ನೊಮ್ಮೆ ಉಪ್ಪು ಹಾಕಿರುತ್ತಿದ್ದೆ.

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. "ಇಷ್ಟು ಸಪ್ಪಳಕ್ಕ ಹೇಳೋರು ಕೇಳೋರು ಯಾರೂ ಇಲ್ಲೇನೋ?" ಎಂದು ಮಲ್ಲುವನ್ನು ಕೇಳಿದೆ.

"ಇದು ಕಮ್ಮಿ ಆದ ಸಪ್ಪಳ ಅಕ್ಕಾ. ಹಳೇ ವಿಮಾನದ್ದು ನೀ ಕೇಳಬೇಕಿತ್ತು" ಎಂದ. "ದೇಶದೇಶದವ್ರು ಕೂಡಿ ಕುಂತು ಕರಾರು ಮಾಡ್ಕೊಂಡಾರ. ಏರುವಾಗ ಎಷ್ಟು ಸಪ್ಪಳ, ಇಳಿಯುವಾಗ ಎಷ್ಟು, ಬಗಲಿಗಿ ನಿಂತು ಕೇಳಿದ್ರ ಎಷ್ಟು, ಎಲ್ಲಾ ಅಳತಿ ಮಾಡ್ತಾರ. ಅಳತಿ ಮೀರಿದ ಹಳೇವನ್ನ ಭಾಳ ದೇಶದಾಗ ಇಳಿಯಾಕ ಬಿಡಂಗಿಲ್ಲ. ಹೊಸಾವು ಹಿಂದಿನಕಿಂತ ಮೆತ್ತಗ ಇರಬೇಕು."

"ಅದಕ್ಕ ಎಲ್ಲಾ ದೇಶ ಯಾಕ ಕೂಡಬೇಕು? ಅವರವರ ಊರಾಗ ಅವರವರು ಕಾಯ್ದೆ ಮಾಡ್ಕೊಂಡ್ರ ಆಗಂಗಿಲ್ಲೇನು?"

"ಹ್ಯಾಂಗ ಆಗ್ತದ? ಇಲ್ಲಿ ಏರಿದ್ದು ಇನ್ನೊಂದು ದೇಶದಾಗ ಇಳೀತದ. ಊರಿಗೊಂದು ಇಂಜಿನ್ ಹಚ್ಚಾಕ ಬರ್ತದೇನು? ಒಬ್ಬರ ಅಳತಿ ಇನ್ನೊಬ್ಬರು ಒಪ್ಪಬೇಕು."

ಆ ಕರಾರಿನಲ್ಲಿ ಒಂದು ಸರತಿ ಇದೆಯಂತೆ. ಮೊದಲು ಸದ್ದು ಮಾಡುವ ವಿಮಾನವನ್ನೇ ಮೆತ್ತಗಾಗಿಸಲು ನೋಡಬೇಕು. ನಿಲ್ದಾಣದ ಸುತ್ತ ಜನ ಮನೆ ಕಟ್ಟದಂತೆ ನೋಡಬೇಕು. ಏರುವ ಇಳಿಯುವ ರೀತಿ ಬದಲಿಸಿ ನೋಡಬೇಕು. ಇಷ್ಟಾದರೂ ಬಗೆಹರಿಯದಿದ್ದರೆ ಮಾತ್ರ, ಕೊನೆಗೆ, ಈ ಹೊತ್ತಿನಲ್ಲಿ ಬರಬೇಡ ಎಂದು ತಡೆಯಬೇಕು. ಯಾರ ಕೆಲಸವೂ ಕೆಡಬಾರದು, ಯಾರ ನಿದ್ದೆಯೂ ಕೆಡಬಾರದು. ನನಗೆ ಇದು ಬಹಳ ಹಿಡಿಸಿತು. ಜಗಳವಾಡುವ ದೇಶಗಳು ಕೂಡ ಗದ್ದಲ ಕಡಿಮೆ ಮಾಡಲು ಒಂದೆಡೆ ಕೂತಿವೆಯೆಂದರೆ ಸಣ್ಣ ಮಾತಲ್ಲ.

"ನಿಲ್ದಾಣದ ಹತ್ರ ಮನಿ ಇರಬಾರದು ಅಂತಿ, ನೀ ಎಲ್ಲಿ ಇದ್ದೀಯೋ?" ಎಂದೆ.

"ಬಾಡಿಗಿ ಕಮ್ಮಿ ಅಕ್ಕಾ" ಎಂದ ಮಲ್ಲು.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಹೆಸರಿಡಲು ಶಹಾಪುರಕ್ಕೆ ಕರೆತಂದರು, ನಾನೂ ಮುದನಾಳದಿಂದ ಬಂದೆ. ಬಂದ ದಿನವೇ ಸಾವಿತ್ರಿ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಮುಖ ಇಳಿದಿತ್ತು.

"ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ಹುಟ್ಟಿದಾಗ ಇವನ ಕಿವಿಗಿ ಯಂತ್ರ ಹಚ್ಚಿ ನೋಡಿದ್ರು. ಉತ್ತರ ಬರಲಿಲ್ಲಂತ. ಕಿವ್ಯಾಗ ನೀರು ಉಳದಿದ್ರೂ ಹಂಗ ಆಗ್ತದ, ಅಂಜಬ್ಯಾಡ್ರಿ, ಇನ್ನೊಮ್ಮೆ ನೋಡೋಣು ಅಂದ್ರು. ಇನ್ನೊಮ್ಮೆ ಹೋದಾಗ ಕೂಸು ಅತ್ತು ಅತ್ತು ಯಂತ್ರ ಹಚ್ಚಗೊಡಲಿಲ್ಲ. ಈಗ ಯಾದಗಿರಿ ದವಾಖಾನ್ಯಾಗ ಮುಂದಿನ ವಾರ ಬರ್ರಿ ಅಂದಾರ. ವಿಮಾನ ಹೋದ್ರ ಇವ ಕಣ್ಣು ಸೈತ ಮಿಟುಕಸಂಗಿಲ್ರಿ ಅಕ್ಕಾರ."

ನಾನು ಯಾರ ಮುಂದೂ ಹೇಳಲಿಲ್ಲ. ಅವಳಿಗೆ "ಏನೂ ಆಗಂಗಿಲ್ಲ, ಸುಮ್ನಿರು" ಎಂದು ಧೈರ್ಯ ಹೇಳಿದೆ, ಅಷ್ಟೇ. ಒಳಗೆ ಬರುವಷ್ಟರಲ್ಲಿ ಅವ್ವ, ದೊಡ್ಡವ್ವ ಇಬ್ಬರೂ ಎದ್ದು ನಿಂತಿದ್ದರು. ನನ್ನ ಧೈರ್ಯದ ಮಾತು ಅವರಿಗೂ ಕೇಳಿತ್ತು. ಏನು, ಎತ್ತ ಎಂದು ಬಿಡದೆ ಕೇಳಿ ತಿಳಿದುಕೊಂಡರು.

ಆಮೇಲೆ ಪರೀಕ್ಷೆಗಳು ಶುರುವಾದವು. ದೊಡ್ಡವ್ವ ಕೂಸಿನ ತಲೆಯ ಹತ್ತಿರ ಹಿತ್ತಾಳೆಯ ತಾಟನ್ನು ಸೌಟಿನಿಂದ ಬಾರಿಸಿದಳು. ಕೂಸು ನಿದ್ದೆಯಲ್ಲಿ ತುಟಿ ಚಪ್ಪರಿಸಿತು. ಅವ್ವ ಖಾಲಿ ಕೊಡ ಕಲ್ಲಿನ ಮೇಲೆ ಉರುಳಿಸಿದಳು. ಓಣಿಯ ನಾಯಿಗಳು ಎದ್ದು ಬೊಗಳಿದವು, ಕೂಸು ಏಳಲಿಲ್ಲ. ಕಾಕಾ ಬಂದು ಎರಡೂ ಕೈ ಚಪ್ಪಾಳೆ ತಟ್ಟಿ, ತಾನು ಮೆಲ್ಲಗೆ ಎಂದುಕೊಂಡ ದನಿಯಲ್ಲಿ, "ಏ ದೊರೀ!" ಎಂದು ಕೂಗಿದ. ದೊರೆ ಮಗ್ಗುಲು ಬದಲಿಸಿ ಮಲಗಿದ. ಕೂಗಿದಷ್ಟೂ ನಮ್ಮ ಭಯ ಹೆಚ್ಚಿತು, ಭಯ ಹೆಚ್ಚಿದಷ್ಟೂ ಕೂಗಿದೆವು. ದೊಡ್ಡವ್ವ ತಾಟು ಕೆಳಗಿಟ್ಟು, "ಇವಂಗೂ ಕಾಕಾನ ಕಿವಿ ಬಂದಾವ" ಎಂದುಬಿಟ್ಟಳು. ಕಾಕಾನ ಕಿವಿ ಕೆಡಿಸಿದ್ದು ಮಿಲ್ಲು, ಅದು ವಂಶದಲ್ಲಿ ಬರುವುದಲ್ಲ ಎಂದು ನಾನು ಎಷ್ಟು ಹೇಳಿದರೂ ಆ ಮಾತು ಮನೆಯಲ್ಲಿ ಕೂತುಬಿಟ್ಟಿತು. ಸಾವಿತ್ರಿ ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತವಳು ಊಟಕ್ಕೂ ಏಳಲಿಲ್ಲ.

ನಮ್ಮ ಕಡೆ ಹೆಸರಿಡುವ ರೀತಿ ನಿಮಗೆ ಗೊತ್ತಿರಬಹುದು. ಕೂಸನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರಬೇಕು. ಅವಳು ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ವರ್ಷದ ಸಿಟ್ಟೆಲ್ಲ ತೀರಿಸಿಕೊಳ್ಳಲು ಒಪ್ಪಿಗೆ ಸಿಕ್ಕ ಕ್ಷಣ ಅದು. ಗುದ್ದು, ಕೇಕೆ, ನಗೆ ಇವುಗಳ ನಡುವೆ ಹೆಸರು ಕೂಸಿಗೆ ಕೇಳುವುದಿರಲಿ, ಹೇಳಿದವಳಿಗೇ ಕೇಳುವುದಿಲ್ಲ. ಸೋದರತ್ತೆ ನಾನು. ಹೆಸರು ತೀರಿಹೋದ ನಮ್ಮ ಅಪ್ಪನದೇ, ಶರಣಬಸವ.

ಹಿಂದಿನ ದಿನ ಸಾವಿತ್ರಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ನೀವು ಕುರ್ರ್ ಅನ್ನುವಾಗ ಒಂದೀಟು ಎಲ್ಲಾರಿಗೂ ಸುಮ್ನಿರಾಕ ಹೇಳ್ರಿ. ಅವಗ ಎಷ್ಟು ಕೇಳ್ತದೋ ಇಲ್ಲೋ. ಹೆಸರೊಂದಾದ್ರೂ ಛಂದಾಗಿ ಕಿವಿಗಿ ಬೀಳ್ಲಿ."

ಹೂಂ ಎಂದೆ. ಅಂದಮೇಲೆ ಗೊತ್ತಾಯಿತು ಎಂಥದನ್ನು ಒಪ್ಪಿಕೊಂಡೆ ಎಂದು. ಒಂದು ಕಡೆ ಮಿಲ್ಲಿನ ಬಗಲಿನ ನಾವು. ಇನ್ನೊಂದು ಕಡೆ ಸಾವಿತ್ರಿಯ ತವರಿನವರು, ತಿಂಥಣಿಯಿಂದ ಬಂದ ಹೊಳೆದಂಡೆಯ ಜನ, ಮೀನು ಹಿಡಿಯುವಾಗ ಕೃಷ್ಣೆಯ ಈ ದಂಡೆಯಿಂದ ಆ ದಂಡೆಗೆ ಕೂಗಿ ಮಾತಾಡಿ ಬೆಳೆದವರು. ಸಾವಿತ್ರಿಯ ತಾಯಿ ಹುಲಗಮ್ಮ "ಆರಾಮ ಇದ್ದೀರಿ?" ಎಂದು ಕೇಳಿದರೆ ಹೊಳೆಯಾಚೆಯವರೂ ಆರಾಮ ಎನ್ನಬೇಕು. ಈ ಎರಡು ರಾಜ್ಯಗಳ ನಡುವೆ ಸದ್ದಿನ ಕರಾರು ಮಾಡಿಸಬೇಕಿತ್ತು. ಮಲ್ಲು ಹೇಳಿದ ಸರತಿಯನ್ನೇ ನೆನಪಿಸಿಕೊಂಡು ಕೂತೆ.

ಮೊದಲ ಅಡ್ಡಿ ದೊಡ್ಡವ್ವನಿಂದ. "ಗುದ್ದದಿದ್ರ ಹೆಸರು ನಿಲ್ಲಂಗಿಲ್ಲ. ನಮ್ಮ ಹಿರ್ಯಾರು ಹುಚ್ಚರೇನು?" ಎಂದಳು.

"ಗುದ್ದಬ್ಯಾಡ ಅನ್ನಂಗಿಲ್ಲ ದೊಡ್ಡವ್ವಾ. ಮೊದಲು ನಾ ಹೆಸರು ಹೇಳ್ತೀನಿ. ಕೈ ಎತ್ತತೀನಿ. ಆಮ್ಯಾಲ ಗುದ್ರಿ."

"ಆಮ್ಯಾಲ ಅಂದ್ರ ಡಬಲ್ ಗುದ್ದಬೇಕಾಗ್ತದ ನೋಡು" ಎಂದರು ಹುಲಗಮ್ಮ.

"ಆಗ್ಲಿ" ಎಂದೆ. ಕರಾರೆಂದ ಮೇಲೆ ಯಾರೋ ಒಬ್ಬರು ಬೆನ್ನು ಕೊಡಲೇಬೇಕು.

ಹುಲಗಮ್ಮ ಇನ್ನೊಂದು ಷರತ್ತು ಹಾಕಿದರು. ನಾವು ಸುಮ್ಮನಿದ್ದು ನಿಮ್ಮವರು ಬಾಯಿ ಬಿಟ್ಟರೆ ಆಗುವುದಿಲ್ಲ, ಎರಡೂ ಕಡೆಯವರು ಕೂಡಿಯೇ ಸುಮ್ಮನಾಗಬೇಕು. ದೊಡ್ಡವ್ವನೂ ಅದನ್ನೇ ತಿರುಗಿಸಿ ಹೇಳಿದಳು. ಡೊಳ್ಳಿನವರನ್ನು ಓಣಿಯ ತುದಿಯ ಕಟ್ಟೆಗೆ ಕಳಿಸಿದ್ದಾಯಿತು, ಮಕ್ಕಳನ್ನು ಮಾಳಿಗೆಗೆ. ಕಾಕಾನೇ ಕಗ್ಗಂಟು. ತನ್ನ ದನಿ ಎಷ್ಟಿದೆ ಎಂದು ಅವನಿಗೇ ತಿಳಿಯದು. ಹೊರಗೆ ಹೋಗೆನ್ನಲು ನನಗೆ ಬಾಯಿ ಬರಲಿಲ್ಲ. ಕೂಸಿನ ಕಿವಿಗೆ ತನ್ನ ಹೆಸರು ಹಚ್ಚಿದಾಗಿನಿಂದ ಅವನು ತೊಟ್ಟಿಲ ಹತ್ತಿರವೂ ಬಂದಿರಲಿಲ್ಲ. ವಿಷಯ ತಿಳಿಸಿದಾಗ ಅವನೇ ದಾರಿ ಹುಡುಕಿದ. "ಬಾಯಿ ತುಂಬ ಎಲಿಅಡಿಕಿ ಹಾಕ್ಕೊಂಡು ಕುಂಡರ್ತೀನವ್ವಾ. ಮಾತು ಹ್ಯಾಂಗ ಹೊರಗ ಬರ್ತದ ನೋಡೋಣು." ಸದ್ದನ್ನು ಹುಟ್ಟುವಲ್ಲಿಯೇ ತಡೆಯುವುದೆಂದರೆ ಇದೇ ಇರಬೇಕು.

ಮರುದಿನ ಮುಂಜಾನೆ ತೊಟ್ಟಿಲು ಕಟ್ಟಿದರು. ಕೂಸಿಗೆ ಎಚ್ಚರವಿತ್ತು. ಮೇಲೆ ಕಟ್ಟಿದ ಮರದ ಗಿಳಿಯನ್ನು ನೋಡುತ್ತ ಕಾಲು ಝಾಡಿಸುತ್ತಿತ್ತು. ನಾನು ಬಗ್ಗಿದೆ. ಮನೆ ಸುಮ್ಮನಾಯಿತು. ಹುಟ್ಟಿ ಬೆಳೆದ ಆ ಮನೆಯಲ್ಲಿ ತೊಟ್ಟಿಲ ಸರಪಳಿಯ ಕಿರುಗುಟ್ಟುವಿಕೆಯನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಹುಲಗಮ್ಮ ಕಣ್ಣು ಮುಚ್ಚಿ ನಿಂತಿದ್ದರು. ಕಾಕಾನ ಎರಡೂ ಕೆನ್ನೆ ಉಬ್ಬಿದ್ದವು. ಸಾವಿತ್ರಿ ನನ್ನ ಬೆನ್ನ ಹಿಂದೆ ಎಲ್ಲೋ ಇದ್ದಳು. ಅವಳ ಉಸಿರು ಕೇಳುತ್ತಿತ್ತು.

ನನಗೆ ಪಿಸುಗುಟ್ಟಲು ಬರುವುದಿಲ್ಲ, ಅದು ನಿಮಗೂ ಗೊತ್ತಾಗಿದೆ. ದನಿಯನ್ನು ಪೂರಾ ಬಿಟ್ಟು, ಬರೀ ಉಸಿರಿನಲ್ಲಿ ಹೇಳಿದೆ. "ಕುರ್ರ್... ಶರಣಬಸವಾ."

ಝಾಡಿಸುತ್ತಿದ್ದ ಕಾಲು ನಿಂತಿತು. ಕಣ್ಣು ಗಿಳಿಯನ್ನು ಬಿಟ್ಟಿತು. ಆಮೇಲೆ ಆ ಪುಟ್ಟ ತಲೆ ಮೆಲ್ಲಗೆ ನನ್ನ ಕಡೆ ಹೊರಳಿ, ಅವನ ಕೆನ್ನೆ ನನ್ನ ತುಟಿಗೆ ತಾಗಿತು. ತೊಟ್ಟಿಲಿನ ಆ ಮಗ್ಗುಲಿಗೆ ಹೋಗಿ, ಅವನಿಗೆ ಕಾಣದಂತೆ ಬಗ್ಗಿ, ಇನ್ನೊಂದು ಕಿವಿಯಲ್ಲಿ ಮತ್ತೆ ಉಸುರಿದೆ. ಈ ಕಡೆ ಹೊರಳಿದ. ಹೊರಳಿ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ.

ಪಾಪ, ಹುಟ್ಟಿದಾಗಿನಿಂದ ಅವನ ಲೋಕದಲ್ಲಿ ಇದ್ದದ್ದು ವಿಮಾನ. ಇಲ್ಲಿ ಬಂದರೆ ನಾವು. ದೊಡ್ಡ ಸದ್ದು ಅವನಿಗೆ ಬೀಸುವ ಗಾಳಿಯಷ್ಟೇ ಮಾಮೂಲಿ, ಅದಕ್ಕೆ ಯಾಕೆ ತಿರುಗಿ ನೋಡಬೇಕು? ಮೆಲ್ಲಗೆ ಮಾತಾಡಿ ನೋಡಬೇಕೆಂಬ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೆ ಹೊಳೆದೀತು! ಮುಂದಿನ ವಾರ ಯಾದಗಿರಿಯ ದವಾಖಾನೆಯ ಯಂತ್ರವೂ ಎರಡು ಕಿವಿಯೂ ನೆಟ್ಟಗಿವೆ ಎಂದಿತು.

ಆದರೆ ಆ ಕ್ಷಣದಲ್ಲಿ ನಾನು ಕರಾರನ್ನೇ ಮರೆತೆ. ಕೈ ಎತ್ತಲಿಲ್ಲ. ಕೂಸಿನ ಮುಖ ನೋಡುತ್ತ ಬಗ್ಗಿಯೇ ಇದ್ದೆ. ಎರಡೂ ಕಡೆಯವರು ಕೊಟ್ಟ ಮಾತಿಗೆ ಕಟ್ಟುಬಿದ್ದು, ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ನಿಂತೇ ಇದ್ದರು. ಕರಾರು ಮುರಿದವಳು ಅದನ್ನು ಕೇಳಿಕೊಂಡವಳೇ. ಸಾವಿತ್ರಿಯ ಗಂಟಲಿನಿಂದ ಹೊಳೆದಂಡೆಯ ಒಂದು ಕೂಗು ಎದ್ದಿತು. ಅದರ ಹಿಂದೆಯೇ ನನ್ನ ಬೆನ್ನಿಗೆ ಅವಳ ಗುದ್ದು ಬಿತ್ತು. ಮೂರು ತಿಂಗಳು ಯಾರಿಗೂ ಹೇಳದೆ ನುಂಗಿಕೊಂಡದ್ದೆಲ್ಲ ಆ ಮುಷ್ಟಿಯಲ್ಲಿತ್ತು. ಆಮೇಲೆ ಕೇಳಬೇಕೆ? ದೊಡ್ಡವ್ವ, ಹುಲಗಮ್ಮ, ಅವ್ವ, ಓಣಿಯ ಹೆಂಗಸರು, ಒಪ್ಪಿದಂತೆ ಡಬಲ್ಲೇ. ಕಾಕಾ ಅಂಗಳಕ್ಕೋಡಿ ಎಲೆಅಡಿಕೆ ಉಗುಳಿ ಬಂದು, "ಕೇಳ್ತೇನ? ಅವಗ ಕೇಳ್ತೇನ?" ಎಂದು ಗರ್ಜಿಸಿದ. ಓಣಿಯ ತುದಿಯಲ್ಲಿ ಡೊಳ್ಳಿನವರು ತಮ್ಮನ್ನೇ ಕರೆದರೆಂದು ಬಾರಿಸಲು ಶುರುಮಾಡಿದರು. ಆ ಗದ್ದಲದಲ್ಲಿ ಶರಣಬಸವ ಸುಖವಾಗಿ ನಿದ್ದೆಹೋದ.

ಮುದನಾಳಕ್ಕೆ ವಾಪಸಾದ ಮೇಲೂ ಬೆನ್ನು ನೋಯುತ್ತಿತ್ತು. ಯಜಮಾನರು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ತಿಕ್ಕಲು ಕೂತರು. ದೊಡ್ಡವ್ವ ಗುದ್ದಿದಲ್ಲಿ, ಹುಲಗಮ್ಮ ಗುದ್ದಿದಲ್ಲಿ, ಎಲ್ಲ ಕಡೆಗೂ ಹಚ್ಚಿಸಿಕೊಂಡೆ. ಎಡ ಹೆಗಲಿನ ಕೆಳಗೆ, ಸಾವಿತ್ರಿಯ ಮುಷ್ಟಿ ಬಿದ್ದಲ್ಲಿ, ಅವರ ಕೈ ಬಂತು.

"ಅಲ್ಲಿ ಬ್ಯಾಡ್ರಿ" ಎಂದೆ. "ಅದೊಂದು ಇರ್ಲಿ."